ಶಾಫ್ಟ್ ಡ್ರೈವ್ ಗಾಡಿಯ ಫೈನಲ್ ಡ್ರೈವ್ ಆಯಿಲ್ ಮನ್ಯಾಗ ಚೇಂಜ್ ಮಾಡಬಹುದೇನ್ರಿ?

ಕೊತ್ರೂಡ್_ಜವಾರಿ (ಪುಣೆ)

ನಮಸ್ಕಾರ್ರಿ ಎಲ್ಲಾರಿಗೂ. ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯೂ ಆರ್ 1200 ಜಿಎಸ್ ತಗೊಂಡೀನಿ, 2018ರ ಮಾಡೆಲ್, 38 ಸಾವಿರ ಓಡೇತಿ. ಇಲ್ಲೀತನಕ ಬುಲೆಟ್ ಓಡಿಸಿದಾಂವ ನಾ, ಚೈನಿಗೆ ಲ್ಯೂಬ್ ಹೊಡಿಯೂದು ಸ್ಲ್ಯಾಕ್ ನೋಡೂದು ಇಷ್ಟ ಗೊತ್ತು, ಚೈನಿನ ಬದ್ಲಿ ದಂಡಿನಿಂದ ಹಿಂದಿನ ಗಾಲಿ ತಿರುಗಸೂ ಈ ಶಾಫ್ಟಿಂದು ಏನೂ ತಿಳೀವಲ್ದು. ಹಳೇ ಮಾಲಕ ಎಂಜಿನ್ ಆಯಿಲಿನ ಬಿಲ್ ಎಲ್ಲಾ ಜ್ವಾಕಿಯಿಂದ ಇಟ್ಟಾನ, ಆದ್ರ ಫೈನಲ್ ಡ್ರೈವ್, ಅಂದ್ರ ಹಿಂದಿನ ಗಾಲಿ ಕಡೀ ಗೇರ್ ಡಬ್ಬಿ, ಅದರ ಆಯಿಲ್ ಯಾವಾಗ ಬದಲಿಸ್ಯಾನ ಅನ್ನೂದು ಎಲ್ಲೂ ಇಲ್ಲ. ಮನಿ ಹತ್ರದ ಗ್ಯಾರೇಜಿನಾಂವನ್ನ ಕೇಳಿದ್ರ ‘ಲೈಫ್‌ಟೈಮ್ ಆಯಿಲ್ ಆಹೆ, ಹಾತ್ ಲಾವೂ ನಕಾ’ (ಕೈ ಹಚ್ಚಬ್ಯಾಡ್ರಿ) ಅಂತಾನ. ನಾನಾ ಪೇಠದಾಗ ಅಂಗಡ್ಯಾಂವ ಲಾರಿಗೆ ಹಾಕೂ ಇಪಿ 90 ಗೇರ್ ಆಯಿಲ್ ಒಯ್ರಿ, ಗೇರ್ ಅಂದ್ರ ಗೇರ ಅಂತಾನ.

ಮಳಿ ಹಿಡಿಯೂದ್ರೊಳಗ ಬೆಳಗಾವಿಗೆ ಹೋಗಿ ಅಲ್ಲಿಂದ ಚೋರ್ಲಾ ಘಾಟ್ ಇಳಿದು ಗೋವಾ ಮಾಡೂದೈತಿ. ಯಾವ ಆಯಿಲ್, ಎಷ್ಟು, ನಾನ ಮಾಡಬಹುದಾ, ಯಾರರ ಮಾಡಿದವ್ರು ಹೇಳ್ರಿ.

ಶಾಫ್ಟ್_ಭಟ್ರು (ಡೊಂಬಿವಲಿ)

ಗ್ಯಾರೇಜಿನವನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ ಮಾರಾಯ್ರೆ, ಹಳೆ ಕಾಲದ ಮಾತು ಅಷ್ಟೆ. 2004ರಲ್ಲಿ ಆರ್ 1200 ಜಿಎಸ್ ಬಂದಾಗ ಫೈನಲ್ ಡ್ರೈವ್ ಆಯಿಲ್ ಜೀವಮಾನಕ್ಕೆ ಒಂದೇ ಸಲ ಅಂತಲೇ ಇತ್ತು, ಮೊದಲಿನ ಗಾಡಿಗಳಿಗೆ ಕೆಳಗೆ ಡ್ರೇನ್ ಪ್ಲಗ್ಗೇ ಇರ್ಲಿಲ್ಲ. ಆಮೇಲೆ ಕಂಪನಿಯವರೇ ಅದನ್ನು ಬದಲಾಯಿಸಿದ್ರು. ನಿಮ್ಮದಕ್ಕೆ 20 ಸಾವಿರ ಕಿ.ಮೀ. ಅಥವಾ 2 ವರ್ಷ, ಯಾವುದು ಮೊದಲು ಬರ್ತದೋ ಅದು. ಬಿಲ್ ಇಲ್ಲ ಅಂದ್ರೆ ಬದಲಿಸಿಲ್ಲ ಅಂತಲೇ ತಿಳ್ಕೊಳ್ಳಿ.

ಕೆಲಸ ದೊಡ್ಡದೇನಿಲ್ಲ, ಎಂಜಿನ್ ಆಯಿಲಿಗಿಂತ ಸುಲಭ. ಮೊದಲು ಒಂದು ಹತ್ತು ಹದಿನೈದು ಕಿಲೋಮೀಟರ್ ಓಡಿಸಿಕೊಂಡು ಬನ್ನಿ, ಆಯಿಲ್ ಬೆಚ್ಚಗಾದ್ರೆ ಚೆನ್ನಾಗಿ ಇಳೀತದೆ, ತಳದಲ್ಲಿ ಕೂತ ಕಸವೂ ಜೊತೆಗೆ ಬರ್ತದೆ. ಗಾಡಿ ಸೆಂಟರ್ ಸ್ಟ್ಯಾಂಡಿಗೆ ಹಾಕಿ. ಈಗ ಮುಖ್ಯ ವಿಷಯ, *ಮೇಲಿನ ಫಿಲ್ಲರ್ ಪ್ಲಗ್ ಮೊದಲು ಬಿಚ್ಚಿ*, ಅದು ಬಂತು ಅಂತಾದ ಮೇಲೆ ಮಾತ್ರ ಕೆಳಗಿನದಕ್ಕೆ ಕೈ ಹಾಕಿ. ಕೆಳಗಿನದು ಬಿಚ್ಚಿ ಎಲ್ಲಾ ಖಾಲಿ ಮಾಡಿ ಆಮೇಲೆ ಮೇಲಿನದು ಜಾಮ್ ಅಂತ ಗೊತ್ತಾದ್ರೆ ಗಾಡಿ ಅಲ್ಲೇ, ನೀವೂ ಅಲ್ಲೇ.

ಇಳಿದ ಆಯಿಲ್ ತಕ್ಷಣ ಚೆಲ್ಲಬೇಡಿ, ಅಳತೆಯ ಗ್ಲಾಸಿಗೆ ಹಾಕಿ ಎಷ್ಟು ಬಂತು ನೋಡಿ. ಹೊಸ ಆಯಿಲ್ ಯಾವ ಬ್ರಾಂಡು ಅಂತ ಜನ ವಾರಗಟ್ಟಲೆ ಜಗಳ ಆಡ್ತಾರೆ, ಹಳೆಯದನ್ನು ಎರಡು ನಿಮಿಷ ನೋಡುವುದಿಲ್ಲ, ಒಳಗಿನ ಗೇರ್ ಹೇಗುಂಟು ಅಂತ ಹೇಳುವುದು ಅದೇ ಅಲ್ವಾ. ಪ್ಲಗ್ಗಿನ ಮ್ಯಾಗ್ನೆಟ್ಟಿನಲ್ಲಿ ಬೂದು ಬಣ್ಣದ ನುಣುಪು ಪೇಸ್ಟ್ ಇದ್ರೆ ಹೆದರಬೇಡಿ, ಹಲ್ಲು ಸವೆದದ್ದು, ಅದು ಸಹಜ. ಉಗುರಿಗೆ ಸಿಗುವಂಥ ಚೂರು, ಪದರ ಕಂಡ್ರೆ ಹೊಸ ಆಯಿಲ್ ಹಾಕಿ ಮುಚ್ಚಿಡಬೇಡಿ, ಬೇರಿಂಗ್ ತೋರಿಸಿ.

ಹಾಕೋದು 180 ಎಂಎಲ್, ನಿಮ್ಮ ಮ್ಯಾನ್ಯುಯಲ್ ಒಮ್ಮೆ ನೋಡ್ಕೊಳ್ಳಿ. ಮೆಡಿಕಲ್ ಶಾಪಲ್ಲಿ ದೊಡ್ಡ ಸಿರಿಂಜ್ ಸಿಗ್ತದೆ, ಅದಕ್ಕೆ ಸಣ್ಣ ಪೈಪ್ ಸಿಕ್ಕಿಸಿ. ಸ್ವಲ್ಪ ಜಾಸ್ತಿ ಇದ್ರೆ ಒಳ್ಳೇದೇ ಅಂತ ಕೈ ಜಾರಿಸಬೇಡಿ, ಬಿಸಿಗೆ ಹಿಗ್ಗಿ ಒತ್ತಡ ಆಗಿ ಸೀಲಿನಿಂದ ಹೊರಗೆ ಬರ್ತದೆ, ಹೊರಗೆ ಅಂದ್ರೆ ಬ್ರೇಕ್ ಡಿಸ್ಕು ಮತ್ತು ಟೈರಿನ ಮೇಲೆ. ವಾಷರ್, ಓ-ರಿಂಗ್ ಹೊಸತು ಹಾಕಿ. ಹೌಸಿಂಗ್, ಅಂದ್ರೆ ಹೊರಗಿನ ಡಬ್ಬಿ, ಅಲ್ಯೂಮಿನಿಯಂ, ಟಾರ್ಕ್ ರೆಂಚ್ (ಬಿಗಿ ಅಳೆಯುವ ಪಾನಾ) ಇಲ್ಲದೆ ಪೈಲ್ವಾನಿಕೆ ತೋರಿಸಿದ್ರೆ ಥ್ರೆಡ್ ಹೋಗ್ತದೆ.

ಠಾಣೆ_ಕ್ರೂಸರ್

ಇಷ್ಟೆಲ್ಲಾ ತಲೆ ಕೆಡಿಸ್ಕೋಬೇಡಿ ಗುರು. ನಂದು ಸುಝುಕಿ ಇಂಟ್ರೂಡರ್ 1800, ಶಾಫ್ಟೇ, ತಗೊಂಡಾಗಿಂದ 90 ಗ್ರೇಡ್ ಗೇರ್ ಆಯಿಲೇ ಹಾಕ್ತಿರೋದು, ಲೆವೆಲ್ ಹೋಲ್ ಅಂಚಿಗೆ ಬರೋವರೆಗೂ ಹಾಕಿ ಮುಚ್ಚೋದು ಅಷ್ಟೇ, ಇವತ್ತಿನವರೆಗೂ ಸದ್ದಿಲ್ಲ.

ಶಾಫ್ಟ್_ಭಟ್ರು (ಡೊಂಬಿವಲಿ)

ನಿಮ್ಮ ಗಾಡಿಗೆ ಅದೇ ಸರಿ, ಸುಝುಕಿಯವರು ಕೇಳೋದೇ ಎಸ್‌ಎಇ 90 ಹೈಪಾಯ್ಡ್ ಗೇರ್ ಆಯಿಲ್, ಜಿಎಲ್-5 ದರ್ಜೆಯದ್ದು. ಇವರ ಜಿಎಸ್‌ಗೆ 70ಡಬ್ಲ್ಯೂ-80, ಅದಕ್ಕಿಂತ ತೆಳು. ಎರಡರಲ್ಲೂ ಹೈಪಾಯ್ಡ್ ಆಯಿಲೇ ಬೇಕು, ಯಾಕೆಂದ್ರೆ ಆ ಗೇರಿನ ಹಲ್ಲುಗಳು ಒಂದರ ಮೇಲೊಂದು ಉರುಳೋದಷ್ಟೇ ಅಲ್ಲ, ಭಾರೀ ಒತ್ತಡದಲ್ಲಿ ಜಾರ್ತವೆ, ಎಂಜಿನ್ ಆಯಿಲಿನ ಪೊರೆ ಅಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಗಂಧಕ ರಂಜಕ ಇರುವ ಇಪಿ (ಭಾರೀ ಒತ್ತಡ ತಡೆಯುವ) ಅಡಿಟಿವ್ ಹಾಕಿರ್ತಾರೆ, ಬಾಟಲಿ ತೆಗೆದ ಕೂಡಲೇ ಮೂಗಿಗೆ ಹೊಡೀತದಲ್ಲ, ಅದೇ ನಾತ. ಹಾಗಂತ ದಪ್ಪ ಎಷ್ಟಿರಬೇಕು ಅಂತ ಅಂಗಡಿಯವನು ಹೇಳುವುದಲ್ಲ, ಗಾಡಿ ಮಾಡಿದವನು ಹೇಳಬೇಕು. 180 ಎಂಎಲ್‌ನಲ್ಲಿ ಎಂಥ ಉಳಿತಾಯ ಮಾರಾಯ್ರೆ, ಆ ಗಾಡಿಯ ಒಂದು ಟೈರಿನ ರೇಟು ಕೇಳಿದ್ದೀರಾ?

ಮಡಗಾಂವ್_ಮಳೆ

ಚೋರ್ಲಾ ಅಂದ್ರಲ್ಲ, ಅದಕ್ಕೆ ಒಂದು ಮಾತು. ಮಳೆ ಮುಂಚೆ ಬದಲಿಸೋದು ಸರಿ, ಆದ್ರೆ ಮಳೆ ಮುಗಿದ ಮೇಲೂ ಒಮ್ಮೆ ಮೇಲಿನ ಪ್ಲಗ್ ತೆಗೆದು ನೋಡಿ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ರಸ್ತೆ ಯಾವುದು ಗದ್ದೆ ಯಾವುದು ಗೊತ್ತಾಗೂದಿಲ್ಲ. ಘಾಟಿ ಇಳಿದು ಬಿಸಿಯಾಗಿರೋ ಹೌಸಿಂಗ್ ತಟ್ಟನೆ ತಣ್ಣೀರಲ್ಲಿ ಮುಳುಗಿದ್ರೆ ಒಳಗಿನ ಗಾಳಿ ಕುಗ್ತದೆ, ಸೀಲ್ ಹಳೇದಾಗಿದ್ರೆ ಅಥವಾ ಬ್ರೀದರ್ (ಗಾಳಿ ಆಡೋ ತೂತು) ನೀರಲ್ಲಿದ್ರೆ ನೀರನ್ನ ಒಳಗೆ ಎಳ್ಕೊಳ್ತದೆ. ಆಯಿಲ್ ಹಾಲು ಹಾಕಿದ ಚಹಾ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ ಅಂತಲೇ ಅರ್ಥ, ಆಗ 20 ಸಾವಿರ ಆಗ್ಲಿ ಅಂತ ಕಾಯ್ಬೇಡಿ. ಪ್ರೆಶರ್ ವಾಷರ್ ನಳಿಗೆಯನ್ನೂ ಆ ಸೀಲಿನ ಹತ್ರ ಹಿಡೀಬೇಡಿ, ವಾಷಿಂಗ್ ಹುಡುಗ್ರಿಗೆ ಅದು ಹೇಳ್ದೆ ಗೊತ್ತಾಗೂದಿಲ್ಲ.

ಕೊತ್ರೂಡ್_ಜವಾರಿ (ಪುಣೆ)

ಭಾಳ ಉಪಕಾರ ಆತ್ರಿ. ಐತವಾರ ಮಾಡಿದೆ. ಮ್ಯಾಲಿನ ಪ್ಲಗ್ ಮದ್ಲ ಬಿಚ್ಚಿದ್ದ ಚಲೋ ಆತು, ಜಗ್ಗಿ ಬಿಗಿ ಇತ್ತು. ಆಯಿಲ್ ಕರ್ರಗ, ಸುಟ್ಟ ವಾಸ್ನಿ ಇಲ್ಲ, ನೀರಿಲ್ಲ, ಮ್ಯಾಗ್ನೆಟ್ಟಿಗೆ ಬೂದಿ ಹಂಗ ಪೇಸ್ಟ್ ದಪ್ಪಗ ಹತ್ತಿತ್ತು, ಬೆರಳಾಗ ತಿಕ್ಕಿ ನೋಡಿದೆ, ಚೂರು ಸಿಗ್ಲಿಲ್ಲ. ಹಿಂದಿನ ಗಾಲಿ ತಿರುವಿ ಹಿಡಿದು ಅಲುಗಾಡ್ಸಿ ನೋಡಿದೆ, ಆಟ ಇಲ್ಲ. 70ಡಬ್ಲ್ಯೂ-80 ಪ್ಯಾಟ್ಯಾಗ ಸಿಗ್ಲಿಲ್ಲ, ಆನ್‌ಲೈನ್ ತರಿಸಿದೆ. ಹಳೇ ಆಯಿಲ್ ಡಬ್ಬಿಯೊಳಗ ತುಂಬಿ ಅದ ಗ್ಯಾರೇಜಿನಾಂವಗ ಕೊಟ್ಟೆ, ಅವ್ರ ಡ್ರಮ್ಮಿಗೆ ಹಾಕ್ತಾರಂತ. ಲೈಫ್‌ಟೈಮ್ ಅಂದವ್ನ ಮುಖ ನೋಡಬೇಕಿತ್ರಿ.

ವಾಶಿ_ಆಕ್ಟಿವಾ

ಮಧ್ಯೆ ಬಾಯಿ ಹಾಕ್ತೀನಿ ಕ್ಷಮಿಸಿ, ನಮ್ಮ ಬಡಪಾಯಿ ಆಕ್ಟಿವಾಗೂ ಹಿಂದೆ ಗೇರ್ ಆಯಿಲ್ ಇರುತ್ತಂತೆ ಹೌದಾ? ಸರ್ವಿಸ್‌ನಲ್ಲಿ ಯಾರೂ ಇಷ್ಟು ದಿನ ಹೇಳೇ ಇಲ್ಲ.

ಶಾಫ್ಟ್_ಭಟ್ರು (ಡೊಂಬಿವಲಿ)

ಉಂಟು. ಬೆಲ್ಟ್ ಮತ್ತು ಹಿಂದಿನ ಚಕ್ರದ ನಡುವೆ ಸಣ್ಣ ಗೇರ್ ಬಾಕ್ಸ್, ಅದಕ್ಕೆ 120 ಎಂಎಲ್. ಅಲ್ಲಿ ಹೈಪಾಯ್ಡ್ ಗೇರ್ ಇಲ್ಲ, ಹಾಗಾಗಿ ಈ ನಾತದ ಆಯಿಲ್ ಬೇಡ, ಎಂಜಿನ್ನಿಗೆ ಹಾಕುವ 10ಡಬ್ಲ್ಯೂ-30 ಸಾಕು. ಎಂಜಿನ್ ಆಯಿಲಿನ ಡ್ರೇನ್ ಬೋಲ್ಟ್ ಬೇರೆ, ಇದು ಚಕ್ರದ ಹತ್ರ ಇರೋದು, ನೋಡಿ ಬಿಚ್ಚಿ.