ಮಾಕ್‌ಟೇಲ್ ಹೇಳಿದ್ವಿ, ರಮ್ ಹಾಕಿದ್ದು ಬಂತು, ಚಿಕ್ಕಪ್ಪ ಆಸ್ಪತ್ರೆ ಸೇರಿದ್ರು. ಹೋಟೆಲ್‌ನೋರು ಜವಾಬ್ದಾರರಾ?

ಮಲೆನಾಡ್_ಮಳೆ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ಹೋದ ಶನಿವಾರ ತಂಗಿಗೆ ಕೆಲಸ ಸಿಕ್ಕಿದ್ದಕ್ಕೆ ಟ್ರೀಟ್ ಅಂತ ಬೆಂಗಳೂರಲ್ಲೇ ಒಂದು ರೆಸ್ಟೋರೆಂಟಿಗೆ ಹೋಗಿದ್ವಿ, ಹೆಸರು ಹಾಕಲ್ಲ, ಕೇಳ್ಬೇಡಿ. ನಾನು, ಅಮ್ಮ, ತಂಗಿ, ಶಿವಮೊಗ್ಗದಿಂದ ಬಂದಿದ್ದ ಚಿಕ್ಕಪ್ಪ ಚಿಕ್ಕಮ್ಮ. ಬಾರ್ ಇರೋ ಜಾಗನೇ, ಆದ್ರೆ ಸುತ್ತ ಕೂತಿದ್ದೋರಲ್ಲಿ ಅರ್ಧಕ್ಕರ್ಧ ಮಕ್ಳು ಮರಿ ಕರ್ಕೊಂಡು ಬಂದೋರೇ. ಐದು ವರ್ಜಿನ್ ಮೊಹಿತೊ, ಅಂದ್ರೆ ರಮ್ ಹಾಕ್ದೆ ಮಾಡೋ ಮೊಹಿತೊ, ಹೇಳ್ದೆ. ‘ಆಲ್ಕೊಹಾಲ್ ಇರಲ್ಲ ತಾನೆ’ ಅಂತ ಆ ಹುಡುಗನ್ನ ಎರಡು ಸಲ ಕೇಳ್ದೆ, ಯಾಕಂದ್ರೆ ಚಿಕ್ಕಪ್ಪ ಕುಡಿಯೋದು ಬಿಟ್ಟು ಮೂರು ವರ್ಷ ಆಯ್ತು, ಈಗ್ಲೂ ಡಾಕ್ಟರ್ ಬರ್ದಿರೋ ಡೈಸಲ್ಫಿರಾಮ್ ಮಾತ್ರೆ ದಿನಾ ತಗೋತಾರೆ, ತಿಂಡಿ ಆದ್ಮೇಲೆ ಚಿಕ್ಕಮ್ಮನೇ ಕೈಗೆ ಕೊಟ್ಟು ನುಂಗೋ ತನಕ ಎದುರಿಗೇ ನಿಂತಿರ್ತಾರೆ. ಗೊತ್ತಿಲ್ದೋರಿಗೆ ಹೇಳ್ತೀನಿ, ಆ ಮಾತ್ರೆ ತಗೊಂಡೋರ ಹೊಟ್ಟೆಗೆ ಆಲ್ಕೊಹಾಲ್ ಹೋದ್ರೆ ದೇಹಕ್ಕೆ ಅದನ್ನ ಪೂರ್ತಿ ಕರಗಿಸೋಕೆ ಆಗಲ್ಲ, ಅಸಿಟಾಲ್ಡಿಹೈಡ್ ಅನ್ನೋದು ರಕ್ತದಲ್ಲಿ ತುಂಬ್ಕೊಂಡು ಪೂರಾ ಒದ್ದಾಟ.

ಅರ್ಧ ಗ್ಲಾಸ್ ಕುಡಿದಿರಬೇಕು, ‘ಏನೋ ಒಗರು ಬರ್ತಿದೆ ಕಣೋ, ಪುದೀನ ಜಾಸ್ತಿ ಜಜ್ಜಿಬಿಟ್ಟಿದಾರೆ’ ಅಂದ್ರು. ಕಾಲು ಗಂಟೆ ಆಗಿಲ್ಲ, ಮುಖ ಕತ್ತು ಎಲ್ಲ ದಾಸವಾಳದ ಥರ ಕೆಂಪಾಯ್ತು, ಎದೆ ಹೊಡ್ಕೋತಿದೆ ಅಂತ ಎದ್ರು, ವಾಶ್‌ರೂಮ್ ಮುಟ್ಟೋಕ್ ಮುಂಚೆನೇ ವಾಂತಿ. ಚಿಕ್ಕಮ್ಮ ಗ್ಲಾಸ್ ಎತ್ತಿ ಮೂಸಿ ನೋಡಿ ಟೇಬಲ್ ಮೇಲಿಟ್ರು. ಆಮೇಲೆ ಚಿಕ್ಕಪ್ಪನ್ನ ಒಂದು ಸಲ ನೋಡಿದ್ರು. ಒಂದ್ ಮಾತೂ ಆಡಿಲ್ಲ, ಆದ್ರೆ ಆ ನೋಟ ನಂಗೆ ಇವತ್ತಿಗೂ ಕಣ್ಮುಂದೆ ಇದೆ.

ಅಷ್ಟರಲ್ಲಿ ಪಕ್ಕದ ಟೇಬಲ್ ಹುಡುಗ್ರು ‘ಇದ್ರಲ್ಲಿ ರಮ್ಮೇ ಇಲ್ವಲ್ರೀ, ಬರೀ ಸೋಡಾ’ ಅಂತ ಕ್ಯಾಪ್ಟನ್ನ, ಅಂದ್ರೆ ಸಪ್ಲೈಯರ್‌ಗಳ ಮೇಲ್ವಿಚಾರಕನ್ನ, ಕರೆದಿದ್ದಾರೆ. ಆತ ಬಂದು ಎರಡೂ ಕಡೆ ನೋಡಿ, ‘ಸಾರಿ ಸರ್, ಟೇಬಲ್ ಮಿಸ್ ಆಗಿದೆ’ ಅಂತ ನಮ್ಮೆಲ್ಲರ ಎದುರಿಗೇ ಹೇಳಿ ಆ ಗ್ಲಾಸ್ ಎತ್ಕೊಂಡು ಹೋದ. ನಾವು ಊಟಾನೇ ಮಾಡ್ಲಿಲ್ಲ, ಗಡಿಬಿಡೀಲಿ ನಾನು 2,340 ರೂಪಾಯಿ ಯುಪಿಐ ಮಾಡಿ ಆಸ್ಪತ್ರೆಗೆ ಓಡಿದ್ವಿ. ಒಂದು ರಾತ್ರಿ ಇಟ್ಕೊಂಡ್ರು, ಇಸಿಜಿ, ಡ್ರಿಪ್ಪು, ಒಟ್ಟು 31 ಸಾವಿರ. ಈಗ ಆರಾಮಿದಾರೆ.

ಸೋಮವಾರ ಮ್ಯಾನೇಜರ್‌ಗೆ ಫೋನ್ ಮಾಡಿದ್ರೆ ವರಸೆನೇ ಬೇರೆ. ‘ನಮ್ ಕಡೆ ಅಂಥದ್ದೇನೂ ಆಗಿಲ್ಲ ಸರ್, ನಿಮ್ಮೋರೇ ಯಾರಾದ್ರೂ ಆರ್ಡರ್ ಮಾಡಿರ್ತಾರೆ’ ಅಂತಾನೆ. ಇದು ಚಿಕ್ಕಮ್ಮನ ಕಿವಿಗೂ ಬಿದ್ದಿದೆ, ಫೋನ್ ಸ್ಪೀಕರಲ್ಲಿತ್ತು.

ಹೋಟೆಲ್‌ನೋರು ಕಾನೂನು ಪ್ರಕಾರ ಜವಾಬ್ದಾರರಾ? ಮಾತ್ರೆ ವಿಷಯ ನಾವು ಮೊದ್ಲೇ ಹೇಳಿರ್ಲಿಲ್ಲ, ಅದ್ರಿಂದ ತೊಂದ್ರೆ ಆಗುತ್ತಾ? ದುಡ್ಡು ಕೊಟ್ಟಿದ್ದು ನಾನು, ಅನುಭವಿಸಿದ್ದು ಅವ್ರು, ಹಾಗಾದ್ರೆ ಕೇಸ್ ಯಾರು ಹಾಕ್ಬೇಕು?

ಕಟ್ಟಿ_ವಕೀಲ

ನೋಡ್ರಿ, ಹೊಣೆ ಅವರದ ಐತಿ, ಅದರಾಗ ಎರಡ ಮಾತಿಲ್ಲ. ಬೇಕಂತ ಮಾಡ್ಯಾರೋ ಗಡಿಬಿಡ್ಯಾಗ ಆತೋ ಅನ್ನೂದು ಗ್ರಾಹಕರ ಕಾನೂನಿನಾಗ ದೊಡ್ಡ ಪ್ರಶ್ನೆನ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಸೆಕ್ಷನ್ 2(11), ಸೇವಾ ನ್ಯೂನತೆ ಅಂದ್ರ ಏನು ಅಂತ ಹೇಳತೈತಿ, ನಿಷ್ಕಾಳಜಿಯಿಂದ ಗ್ರಾಹಕಗ ನಷ್ಟ ಆದ್ರ ಅದೂ ಅದರಾಗ ಬರತೈತಿ. ಹುಡುಗ ಟೇಬಲ್ ತಪ್ಪಿಸಿದ್ರೂ ಉತ್ತರ ಕೊಡಾಂವ ಮಾಲಕ.

ಕೇಸ್ ಯಾರು ಹಾಕಬೇಕು ಅಂದ್ರಿ. ಚಿಕ್ಕಪ್ಪನ ಹಾಕ್ಲಿ. ರೊಕ್ಕಾ ಕೊಟ್ಟಾಂವ ಅಷ್ಟ ಅಲ್ಲ, ಅವನ ಒಪ್ಪಿಗಿ ಮ್ಯಾಲೆ ಆ ಸೇವೆ ಪಡದಾಂವನೂ ಗ್ರಾಹಕನ, ಸೆಕ್ಷನ್ 2(7). ಇದು ಭಾಳ ಹಳೇ ತಕರಾರು ರೀ. ಲಾ ಕಾಲೇಜಿನಾಗ ಎಲ್ಲಾರಿಗೂ ಕಲಸೂ ಕೇಸ್ ಒಂದೈತಿ, 1928ರಾಗ ಸ್ಕಾಟ್ಲೆಂಡಿನ ಪೇಸ್ಲಿ ಅನ್ನೂ ಊರಾಗ ಒಬ್ಬಾಕಿ ಕೆಫೆಕ್ಕ ಹೋಗಿದ್ಲು, ಜಿಂಜರ್ ಬಿಯರ್ ತರಿಸಿ ರೊಕ್ಕಾ ಕೊಟ್ಟವರು ಆಕಿ ಜೋಡಿ ಬಂದವರು, ಕುಡದಾಕಿ ಈಕಿ. ಬಾಟ್ಲಿ ಕಪ್ಪಂದು, ಒಳಗ ಕೊಳತ ಬಸವನಹುಳ ಇತ್ತು ಅಂತ ಆಕಿ ದೂರು. ರೊಕ್ಕಾ ಕೊಡದಾಕಿ ಹೆಂಗ ಕೇಳತಾಳ ಅಂತ ವಾದ ಆಗ ಬ್ರಿಟನ್ನಿನ ಎಲ್ಲಾಕ್ಕಿಂತ ದೊಡ್ಡ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿ, 1932ರಾಗ ಮೂರು ಮಂದಿ ಜಡ್ಜ್ ಹೌದು, ಇಬ್ಬರು ಅಲ್ಲ ಅಂದು, ಕೇಳಬಹುದು ಅಂತ ತೀರ್ಪಾತು. ಆಕಿ ಕೇಳಿದ್ದು ಕೆಫೆದವರನ್ನಲ್ಲ, ತಯಾರು ಮಾಡಿದವರನ್ನ. ನಿಮ್ಮ ಕೇಸ್ ಅದಕ್ಕಿಂತ ಸಸಾರ, ನಿಮಗ ಸೆಕ್ಷನ್ನ ಐತಿ.

ಇನ್ನೊಂದು, ಶಿವಮೊಗ್ಗದವರು ಅಂದ್ರಲ್ಲ, ಬೆಂಗಳೂರಿಗೆ ಅಡ್ಡಾಡೂದು ಬ್ಯಾಡ. ದೂರುದಾರ ಇರೂ ಜಿಲ್ಲಾದ ಗ್ರಾಹಕರ ಆಯೋಗದಾಗನ ಹಾಕಬಹುದು, ಸೆಕ್ಷನ್ 34. ಫೀ ನೋಡೂದು ಕೊಟ್ಟ ಬಿಲ್ ಮ್ಯಾಲೆ, ಕೇಳೂ ಪರಿಹಾರದ ಮ್ಯಾಲೆ ಅಲ್ಲ, 5 ಲಕ್ಷದ ತನಕ ಫೀನ ಇಲ್ಲ. ಎರಡು ವರ್ಷದೊಳಗ ಹಾಕ್ರಿ. ಆದ್ರ ಸಾಕ್ಷಿ ಇವತ್ತ ಹಿಡೀರಿ, ಸಿಸಿಟಿವಿ ಅಳಿಸಬ್ಯಾಡ್ರಿ ಅಂತ ಇವತ್ತ ಈಮೇಲ್ ಹಾಕ್ರಿ. ಫೋನ್‌ನಾಗ ಜಗಳಾಡಿ ಏನೂ ಉಪಯೋಗಿಲ್ಲ.

ಸುಮ್ನೆ_ಕೇಳ್ದೆ

ತಪ್ಪು ತಿಳ್ಕೋಬೇಡಿ. ಅಷ್ಟು ಕುಡಿತಿದ್ದೋರಿಗೆ ಒಂದು ಗುಟುಕಲ್ಲೇ ರಮ್ ಅಂತ ಗೊತ್ತಾಗಲ್ವಾ? ಮತ್ತೆ ಆ ಮಾತ್ರೆ ತಗೋಳೋರನ್ನ ಬಾರ್ ಇರೋ ಜಾಗಕ್ಕೆ ಕರ್ಕೊಂಡ್ ಹೋಗಿದ್ದು ನಿಮ್ಮ ತಪ್ಪಲ್ವಾ? ಕೋರ್ಟಲ್ಲಿ ಮೊದಲ್ನೇ ಪ್ರಶ್ನೆ ಇದೇ ಬರೋದು.

ಮಲೆನಾಡ್_ಮಳೆ

@ಸುಮ್ನೆ_ಕೇಳ್ದೆ ಕರ್ಕೊಂಡ್ ಹೋಗಿದ್ದು ನನ್ ತಪ್ಪೇ, ಒಪ್ಕೋತೀನಿ, ಆ ರಾತ್ರಿ ಪೂರ್ತಿ ಅದೇ ಯೋಚನೆ. ರುಚಿ ವಿಷಯ ಅಂದ್ರೆ ಅವ್ರು ಜೀವಮಾನದಲ್ಲಿ ಕುಡಿದಿದ್ದು ಕ್ವಾರ್ಟರ್ ವಿಸ್ಕಿ, ನೀರು, ಉಪ್ಪಿನಕಾಯಿ. ಮೊಹಿತೊ ಅನ್ನೋ ಹೆಸರು ಕೇಳಿದ್ದೇ ಅವತ್ತು. ನಿಂಬೆ ಪುದೀನ ಸಕ್ಕರೆ ಐಸು ಎಲ್ಲ ಇದ್ರೆ ಏನಂತ ಗೊತ್ತಾಗುತ್ತೆ?

ಕುಂದಾಪ್ರ_ಕ್ಯಾಪ್ಟನ್

ನಾನು ಹನ್ನೊಂದು ವರ್ಷ ಇದೇ ಕೆಲಸದಲ್ಲಿದ್ದೆ ಮಾರಾಯ್ರೆ, ಈಗ ಬಿಟ್ಟು ಊರಲ್ಲಿ ಸ್ವಂತದ್ದು ಸಣ್ಣ ಹೋಟೆಲ್ ಇಟ್ಟಿದ್ದೇನೆ. ಗೊತ್ತಾಗಲ್ವಾ ಅಂತ ಕೇಳಿದವರಿಗೆ: ಇಲ್ಲ, ಗೊತ್ತಾಗುವುದಿಲ್ಲ. ಒಂದು ಮೊಹಿತೊಗೆ ಬೀಳುವುದು 45ರಿಂದ 60 ಎಂಎಲ್ ವೈಟ್ ರಮ್, ಬಣ್ಣ ಇಲ್ಲ, ಕ್ರಶ್ಡ್ ಐಸ್ ತುಂಬಿದ ಮೇಲೆ ವಾಸನೆಯೂ ಹೆಚ್ಚು ಬರುವುದಿಲ್ಲ. ವರ್ಜಿನ್‌ಗೂ ಅದಕ್ಕೂ ಗ್ಲಾಸ್ ಒಂದೇ, ಮೇಲೆ ಸಿಕ್ಕಿಸುವ ನಿಂಬೆ ಚಕ್ರ ಒಂದೇ. ಮಾಡುವವನೂ ಒಬ್ಬನೇ, ಮಾಕ್‌ಟೇಲ್ ಅಡುಗೆ ಮನೆಯಿಂದ ಬರುತ್ತದೆ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ, ಇಲ್ಲ, ಬಾರ್ ಕೌಂಟರಿನಿಂದಲೇ. ಶನಿವಾರ ಒಂಬತ್ತು ಗಂಟೆಗೆ ಕೌಂಟರ್ ಮೇಲೆ ಇಪ್ಪತ್ತು ಗ್ಲಾಸ್ ಸಾಲಾಗಿ ನಿಂತಿರುತ್ತದೆ, ಒಳ್ಳೆ ಕಡೆ ವರ್ಜಿನ್‌ಗೆ ಬೇರೆ ಬಣ್ಣದ ಸ್ಟ್ರಾ ಹಾಕುತ್ತಾರೆ ಅಥವಾ ಗ್ಲಾಸ್ ಅಡಿಯಲ್ಲೇ ಚೀಟಿ ಇಡುತ್ತಾರೆ, ಇಲ್ಲದಿದ್ದರೆ ಟ್ರೇ ಎತ್ತುವ ಹುಡುಗನ ನೆನಪೇ ಗತಿ.

ನಿಮಗೆ ಬೇಕಾದ ಸಾಕ್ಷಿ ಎಲ್ಲಿದೆ ಹೇಳ್ತೇನೆ. ಆರ್ಡರ್ ಹೊಡೆದ ಕೂಡಲೇ ಬಾರಿಗೆ ಒಂದು ಚೀಟಿ ಹೋಗುತ್ತದೆ, ಬಿಒಟಿ ಅಂತೇವೆ, ಅದರಲ್ಲಿ ಟೇಬಲ್ ನಂಬರ್, ಟೈಮ್, ಐಟಂ ಎಲ್ಲ ಇರುತ್ತದೆ, ಸಿಸ್ಟಮಲ್ಲೂ ಉಳಿದಿರುತ್ತದೆ. ಕ್ಯಾಪ್ಟನ್ ಆ ಪಕ್ಕದ ಟೇಬಲಿಗೆ ಬೇರೆ ಮೊಹಿತೊ ಮಾಡಿಸಿ ಕೊಟ್ಟಿದ್ದರೆ ಅದೂ ಎಲ್ಲಾದರೂ ಬರೆದೇ ಇರುತ್ತದೆ, ಯಾಕೆ ಅಂದರೆ ಬಾರಲ್ಲಿ ಪೆಗ್ ಲೆಕ್ಕ ಒಂದು ಎಂಎಲ್ ಹೆಚ್ಚು ಕಡಿಮೆ ಆದ್ರೂ ರಾತ್ರಿ ಬೈಗುಳ. ಮತ್ತೆ ನಿಮ್ಮ ಬಿಲ್ ತೆಗೆದು ನೋಡಿ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಅದು ಬೇರೆ ಬಿಲ್ ಆಗಿ ಇಲ್ಲಾ ಬೇರೆ ಲೆಕ್ಕದಲ್ಲಿ ಬರುತ್ತದೆ. ನಿಮ್ಮದರಲ್ಲಿ ಐದು ವರ್ಜಿನ್ ಮೊಹಿತೊಗೂ ಜಿಎಸ್‌ಟಿ ಬಿದ್ದಿದ್ದರೆ ‘ನಿಮ್ಮವರೇ ಆರ್ಡರ್ ಮಾಡಿದ್ದು’ ಅನ್ನುವ ಮ್ಯಾನೇಜರ್ ಮಾತು ಅಲ್ಲಿಗೇ ಬಿತ್ತು.

ಒಂದು ಕೇಳಿಕೊಳ್ಳುವುದು. ನೋಟಿಸಿನಲ್ಲಿ ಆ ಹುಡುಗನ ಹೆಸರು ಹಾಕಬೇಡಿ. ದಂಡ ಅವನ ಸಂಬಳದಲ್ಲಿ ಕಟ್ ಮಾಡುತ್ತಾರೆ, ನಾನು ಒಮ್ಮೆ ಒಂದು ಬಾಟ್ಲಿ ಒಡೆದದ್ದಕ್ಕೆ ಎರಡು ತಿಂಗಳು ಕಟ್ಟಿದ್ದೇನೆ.

ಫಿಲ್ಟರ್_ಕಾಪಿ

ನಮ್ಮಪ್ಪಂಗೆ ಶುಗರ್, ಬೆಳಿಗ್ಗೆ ವಾಕಿಂಗ್ ಮುಗ್ಸಿ ದರ್ಶಿನೀಲಿ ‘ಸಕ್ಕರೆ ಇಲ್ದೆ’ ಅಂತ ಕೂಗಿ ಹೇಳ್ತಾರೆ, ನಾಲ್ಕರಲ್ಲಿ ಒಂದು ಸಲ ಸಕ್ಕರೆ ಹಾಕಿದ್ದೇ ಬರುತ್ತೆ. ಅದ್ಯಾಕೋ ಅವ್ರು ಆ ಒಂದು ದಿನ ವಾಪಸ್ ಕೊಡಲ್ಲ, ಖುಷಿಯಾಗಿ ಕುಡಿದು ಮನೆಗೆ ಬಂದು ಅಮ್ಮನ್ ಹತ್ರ ಹೋಟೆಲ್‌ನೋರನ್ನ ಬೈತಾರೆ 😄 ಸಾರಿ, ನಿಮ್ದು ಸೀರಿಯಸ್ ವಿಷಯ. 1915ಗೆ ಫೋನ್ ಮಾಡಿ, ನ್ಯಾಷನಲ್ ಕನ್ಸ್ಯೂಮರ್ ಹೆಲ್ಪ್‌ಲೈನ್, ನಂಗೆ ಒಂದು ಮಿಕ್ಸಿ ವಿಷಯದಲ್ಲಿ ಕೇಸ್ ಇಲ್ದೆನೇ ಕೆಲಸ ಆಗಿತ್ತು.

ಎಳನೀರು_ಮಾತ್ರ

ನಾನೂ ಬಿಟ್ಟೋನೇ, ಆರು ವರ್ಷ. ಇಲ್ಲಿ ಕಾನೂನು ಎಲ್ರೂ ಹೇಳ್ತಿದಾರೆ, ನಾನು ಬೇರೆ ಹೇಳ್ತೀನಿ. ಬಿಟ್ಟೋನಿಗೆ ಮನೇಲಿ ನಂಬಿಕೆ ಅನ್ನೋದು ಚಿಲ್ಲರೆ ಕೂಡಿಟ್ಟ ಥರ, ಐದೈದು ರೂಪಾಯಿ ಸೇರ್ಸಿರ್ತೀವಿ. ಒಂದು ದಿನ ಬಾಯಲ್ಲಿ ವಾಸನೆ ಬಂದ್ರೆ ಡಬ್ಬಿನೇ ಖಾಲಿ. ಒಂದ್ಸಲ ಮದುವೆ ಮನೇಲಿ ನಂಗೆ ಜ್ಯೂಸ್ ಅಂತ ಏನೋ ಕೊಟ್ರು, ಬಾಯಿಗಿಟ್ಟು ಉಗುಳ್ದೆ, ಆದ್ರೂ ನನ್ ಹೆಂಡ್ತಿ ಒಂದು ವಾರ ನನ್ ಶರ್ಟ್ ಮೂಸಿ ಮೂಸಿ ಒಗೆಯೋಕೆ ಹಾಕಿದ್ಲು. ಅವಳ್ದೇನೂ ತಪ್ಪಿಲ್ಲ, ಹಿಂದೆ ನಾನು ಹೇಳಿದ್ ಸುಳ್ಳು ಹಂಗಿದ್ವು.

ನಿಮ್ಮ ಚಿಕ್ಕಪ್ಪಂಗೆ 31 ಸಾವಿರಕ್ಕಿಂತ ಮುಖ್ಯ ಆ ಮ್ಯಾನೇಜರ್ ಫೋನಲ್ಲಿ ಅಂದ ಮಾತು. ಅದನ್ನ ಅವನ ಕೈಲೇ ವಾಪಸ್ ತಗೋಳೋ ಥರ ಮಾಡಿ, ಬರವಣಿಗೇಲಿ. ಇನ್ನೊಂದು, ಅವ್ರು ಹೆದ್ರಿ ಮಾತ್ರೆ ನಿಲ್ಸೋದು ಬೇಡ, ಏನಿದ್ರೂ ಡಾಕ್ಟರ್ ಹತ್ರ ಕೇಳ್ಲಿ. ನಿಲ್ಸಿದ್ರೂ ಅದ್ರ ಪರಿಣಾಮ ಎರಡು ವಾರದ ತನಕ ಇರಬಹುದು ಅಂತ ನಂಗೆ ಬರ್ದು ಕೊಟ್ಟಿದ್ರು. ಕೆಮ್ಮಿನ ಸಿರಪ್ಪಲ್ಲೂ ಆಲ್ಕೊಹಾಲ್ ಇರುತ್ತೆ, ಲೇಬಲ್ ಓದ್ದೆ ಏನೂ ಕುಡಿಬೇಡಿ ಅಂತ ಹೇಳಿ. ನಾನಂತೂ ಹೊರಗೆ ಹೋದ್ರೆ ನನ್ ಹೆಸ್ರಲ್ಲಿರೋದೇ.

ಕಟ್ಟಿ_ವಕೀಲ

ಮಾತ್ರಿ ವಿಷಯ ಹೋಟೆಲಿನವರಿಗೆ ಗೊತ್ತಿರಲಿಲ್ಲ ಅಂದಿದ್ರಿ, ಅದಕ್ಕ ಉತ್ತರ ಕೊಡೂದು ಬಿಟ್ಟಿದ್ದೆ. ತಪ್ಪು ಮಾಡಿದಾಂವಗ ಎದುರಿನ ಮನಿಷಾ ಹೆಂಗ ಅದಾನೋ ಹಂಗ ಲೆಕ್ಕ. ಗಟ್ಟಿ ಮನಿಷಾಗ ತಲಿನೋವು ಬಂದು ಹೋಗತಿತ್ತು, ಇವರಿಗೆ ಆಸ್ಪತ್ರಿ ಆತು, ನಮಗ ಗೊತ್ತಿರಲಿಲ್ಲ ಅಂದ್ರ ಅಷ್ಟಕ್ಕ ಮುಗಿಯೂದಿಲ್ಲ. ಅದರಾಗೂ ನೀವು ಎರಡು ಸಲ ಕೇಳೀರಿ, ಇದು ದೂರಿನಾಗ ಮೊದಲನೇ ಪ್ಯಾರಾ ಆಗಬೇಕು.

ಆಹಾರ ಸುರಕ್ಷತಾ ಕಾಯ್ದೆ 2006ನೂ ಐತಿ. ಗಿರಾಕಿ ಕೇಳಿದ ಸ್ವರೂಪದ್ದು ಅಲ್ಲದ ಆಹಾರ ಮಾರಿದ್ರ ಸೆಕ್ಷನ್ 50ರ ಪ್ರಕಾರ 5 ಲಕ್ಷದ ತನಕ ದಂಡ, ಮದ್ಯವೂ ಆ ಕಾಯ್ದೆ ಲೆಕ್ಕಕ್ಕ ಆಹಾರನ. ಆದ್ರ ಆ ರೊಕ್ಕಾ ಸರ್ಕಾರಕ್ಕ, ನಿಮಗಲ್ಲ. ಬಿಲ್ ಮ್ಯಾಲೆ 14 ಅಂಕಿದ್ದು ಆಹಾರ ಲೈಸೆನ್ಸಿನ ಎಫ್‌ಎಸ್‌ಎಸ್‌ಎಐ ನಂಬರ್ ಇರತೈತಿ, ದೂರಿನಾಗ ಅದನ್ನ ಹಾಕ್ರಿ. ಕೋಟಿ ರೂಪಾಯಿ ಕನಸು ಬ್ಯಾಡ. ಆಸ್ಪತ್ರಿ ಖರ್ಚು, ಮ್ಯಾಲೆ ಮಾನಸಿಕ ಯಾತನೆಗೆ ಒಂದಿಷ್ಟು, ಕೇಸಿನ ಖರ್ಚು, ಇಷ್ಟ ಸಿಗೂದು. ಮೂರು ತಿಂಗಳಾಗ ಮುಗಸಬೇಕು ಅಂತ ಕಾಯ್ದೆದಾಗ ಐತಿ, ನಾ ನಡಿಸಿದ್ದರಾಗ ಒಂದೂ ಮೂರು ತಿಂಗಳಿಗೆ ಮುಗದಿಲ್ಲ.

ಒಂದು ಮಾತು ಮೊದಲ ಹೇಳತೀನಿ, ಡಿಸ್ಚಾರ್ಜ್ ಸಮ್ಮರಿ ಹಾಕಿದ್ರ ಮಾತ್ರಿ ಹೆಸರು ದಾಖಲೆದಾಗ ಬರತೈತಿ. ಅದು ಬ್ಯಾಡ ಅಂದ್ರ ಕೇಸ್ ಜೊಳ್ಳ ಆಕ್ಕೈತಿ. ಅವರನ್ನ ಕೂಡಿಸಿ ಕೇಳ್ರಿ.

ಮಲೆನಾಡ್_ಮಳೆ

ಎಲ್ರಿಗೂ ಥ್ಯಾಂಕ್ಸ್, ಅಪ್‌ಡೇಟ್ ಕೊಡ್ತಿದೀನಿ.

ಬಿಲ್ ಫೋಟೋ ಫೋನಲ್ಲಿತ್ತು. ಕ್ಯಾಪ್ಟನ್ ಸರ್ ಹೇಳಿದ ಹಾಗೇ, ವರ್ಜಿನ್ ಮೊಹಿತೊ 5 ಅಂತ ಇದೆ, ಎರಡೂವರೆ ಎರಡೂವರೆ ಜಿಎಸ್‌ಟಿ, ಲಿಕ್ಕರ್ ಅಂತ ಒಂದು ಸಾಲೂ ಇಲ್ಲ. ಅದನ್ನೇ ಹಾಕಿ ಸಿಸಿಟಿವಿ, ಬಿಒಟಿ ಎರಡೂ ಉಳಿಸಿ ಅಂತ ಈಮೇಲ್ ಮಾಡಿದೆ. ಎರಡು ದಿನ ಸುದ್ದಿ ಇಲ್ಲ, ಮೂರನೇ ದಿನ ಮಾಲೀಕರ ಕಡೆಯಿಂದ ಉತ್ತರ ಬಂತು, ‘ಸಿಬ್ಬಂದಿಯ ತಪ್ಪಿನಿಂದ ಬೇರೆ ಟೇಬಲ್‌ನ ಪಾನೀಯ ತಮ್ಮ ಟೇಬಲ್‌ಗೆ ಬಂದಿದೆ, ವಿಷಾದಿಸುತ್ತೇವೆ’ ಅಂತ ನಾಲ್ಕು ಸಾಲು, ಜೊತೆಗೆ ಮುಂದಿನ ಸಲ ಊಟ ಫ್ರೀ ಅಂತೆ. ಆಸ್ಪತ್ರೆ ದುಡ್ಡಿನ ಮಾತೇ ಇಲ್ಲ. ಚಿಕ್ಕಮ್ಮಂಗೆ ಆ ನಾಲ್ಕು ಸಾಲು ಓದಿ ಹೇಳ್ದೆ, ಇನ್ನೊಂದ್ಸಲ ಓದು ಅಂದ್ರು, ಓದ್ದೆ. ‘ಬೇರೆ ಟೇಬಲ್ ಅಂತ ಬರ್ದಿದಾರಲ್ವಾ’ ಅಂತ ಕೇಳಿ ಒಳಗೆ ಹೋದ್ರು, ಅಷ್ಟೇ.

ಕೇಸ್ ಇಲ್ಲಿಗೇ ಬಿಡ್ತಾರೆ ಅನ್ಕೊಂಡಿದ್ದೆ, ದಾಖಲೇಲಿ ಮಾತ್ರೆ ಹೆಸ್ರು ಬರುತ್ತೆ ಅಂತ ಚಿಕ್ಕಪ್ಪಂಗೆ ಹೇಳೋಕೇ ಮುಜುಗರ ಆಯ್ತು. ಅವ್ರು ಅಡಿಕೆ ಹೋಳು ಬಾಯಿಗೆ ಹಾಕ್ಕೊಂಡು, ‘ಬರಿ ಬರಿ, ಕುಡೀತಿದ್ದಿದ್ದು ಇಡೀ ಊರಿಗೆ ಗೊತ್ತಿತ್ತು, ಬಿಟ್ಟಿದ್ದು ಗೊತ್ತಾದ್ರೆ ಮರ್ಯಾದೆ ಹೋಗುತ್ತಾ’ ಅಂದ್ರು. ಸೋಮವಾರ ಶಿವಮೊಗ್ಗಕ್ಕೆ ಹೋಗಿ ಪೇಪರ್ಸ್ ಕೊಟ್ಟು ಬರ್ತೀನಿ. ಹುಡುಗನ ಹೆಸರು ಎಲ್ಲೂ ಹಾಕಿಲ್ಲ ಕ್ಯಾಪ್ಟನ್ ಸರ್.