ಕರಿಬಾ ಬತ್ತಿದರೆ ಸೋಲಾರ್ ಕೈಹಿಡಿಯುತ್ತಾ? ಜಾಂಬಿಯಾದ ಕರೆಂಟ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಸರ್, ನಮಸ್ಕಾರ. ನಾನು ಆರು ವರ್ಷದಿಂದ ಜಾಂಬಿಯಾದ ಲುಸಾಕಾದಲ್ಲಿ ಮೇಷ್ಟ್ರು. 2024ರ ಬರದಲ್ಲಿ ನಮ್ಮ ಬೀದಿಗೆ ಕೆಲವು ದಿನ ಮೂರೇ ಗಂಟೆ ಕರೆಂಟ್. ಅದೂ ರಾತ್ರಿ ಎರಡಕ್ಕೆ ಬಂದು ಐದಕ್ಕೆ ಹೋಗುತ್ತಿತ್ತು. ಅಲಾರಂ ಇಟ್ಟುಕೊಂಡು ಎದ್ದು ಬಟ್ಟೆ ಇಸ್ತ್ರಿ ಮಾಡಿ, ಬೆಳಗಿನ ಅಡುಗೆ ಮುಗಿಸಿ ಮತ್ತೆ ಮಲಗುತ್ತಿದ್ದೆವು. ಈಗ ಇಲ್ಲಿ ಎಲ್ಲರ ಬಾಯಲ್ಲೂ ಸೋಲಾರ್. ನನಗೆ ಅರ್ಥವಾಗದ್ದು ಒಂದೇ. ಕರೆಂಟ್ ಜಾಸ್ತಿ ಬೇಕಾಗುವುದು ಸಂಜೆ. ಆಗ ಬಿಸಿಲೇ ಇರುವುದಿಲ್ಲವಲ್ಲ, ಮತ್ತೆ ಏನು ಪ್ರಯೋಜನ? ನೀವು ಲೋಡ್ ಡಿಸ್‌ಪ್ಯಾಚ್‌ನಲ್ಲಿ, ಅಂದರೆ ಯಾವ ಸ್ಥಾವರ ಯಾವಾಗ ಎಷ್ಟು ಕರೆಂಟ್ ಕೊಡಬೇಕು ಅಂತ ಹೇಳುವ ಕಡೆ ಕೆಲಸ ಮಾಡಿದವರು ಅಂತ ಕೇಳುತ್ತಿದ್ದೇನೆ.

ಉತ್ತರ: ಮೇಷ್ಟ್ರೇ, ಸೋಲಾರ್ ಒಂದನ್ನೇ ನೋಡಿದರೆ ನಿಮ್ಮ ಅನುಮಾನ ಸರಿ. ಅದನ್ನು ಜಾಂಬೆಜಿ ನದಿಗೆ ಜಿಂಬಾಬ್ವೆ ಗಡಿಯಲ್ಲಿ ಕಟ್ಟಿದ ಕರಿಬಾ ಅಣೆಕಟ್ಟಿನ ಪಕ್ಕ ಇಟ್ಟು ನೋಡಿ, ಲೆಕ್ಕ ಬೇರೆಯೇ ಆಗುತ್ತದೆ.

ಮೊದಲು ಬರದ ಕಥೆ. ಆಗ ಜಾಂಬಿಯಾದ ವಿದ್ಯುತ್ ಸಾಮರ್ಥ್ಯದಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ನೀರಿನಿಂದ ಬರುವಂಥದ್ದು. ಕರಿಬಾ ಉತ್ತರ ದಂಡೆಯದು 1,080 ಮೆಗಾವ್ಯಾಟ್, ಕಫ್ಯೂ ಕಣಿವೆಯ ಮೇಲಿನ ಸ್ಥಾವರ 990, ಕೆಳಗಿನದು 750. ಮೂರು ಕಡೆ ಹಂಚಿದೆಯಲ್ಲ ಅಂತ ಧೈರ್ಯ ಬರುತ್ತದೆ. ಆದರೆ ಕಫ್ಯೂ ನದಿ ಕೂಡ ಜಾಂಬೆಜಿಯ ಉಪನದಿಯೇ. ಬಿಂದಿಗೆ ಮೂರಾದರೂ ತುಂಬಿಸುವ ಮಳೆ ಒಂದೇ. ಎಲ್ ನಿನೋ ವರ್ಷ ಅದು ಕೈಕೊಟ್ಟಿತು. ಅಧ್ಯಕ್ಷ ಹಕೈಂಡೆ ಹಿಚಿಲೆಮಾ ಫೆಬ್ರವರಿ ಕೊನೆಗೆ ರಾಷ್ಟ್ರೀಯ ವಿಪತ್ತು ಘೋಷಿಸಿದರು. ವರ್ಷದ ಕೊನೆಯ ಹೊತ್ತಿಗೆ ಕರಿಬಾದಲ್ಲಿ ಬಳಸಬಹುದಾದ ನೀರು ನೂರಕ್ಕೆ ಹತ್ತಕ್ಕಿಂತ ಕೆಳಗಿತ್ತು.

ಈಗ ನಿಮ್ಮ ಸಂಜೆಯ ಪ್ರಶ್ನೆ. ಹಗಲು ಹನ್ನೆರಡಕ್ಕೆ ಸೋಲಾರ್ ಜೋರಾಗಿ ಬರುತ್ತಿದೆ ಅಂದುಕೊಳ್ಳಿ. ಡಿಸ್‌ಪ್ಯಾಚ್‌ನಲ್ಲಿ ಕೂತವನು ಏನು ಮಾಡುತ್ತಾನೆ? ಕರಿಬಾಕ್ಕೆ ಫೋನ್ ಮಾಡಿ ಒಂದೆರಡು ಯಂತ್ರದ ಉತ್ಪಾದನೆ ಇಳಿಸಿ ಅನ್ನುತ್ತಾನೆ. ಆ ನೀರು ಕೆಳಗೆ ಬೀಳದೆ ಅಲ್ಲೇ ನಿಲ್ಲುತ್ತದೆ. ಸಂಜೆ ಆರಕ್ಕೆ ಬಿಸಿಲು ಇಳಿಯುತ್ತಿದ್ದ ಹಾಗೆ ಅದೇ ಯಂತ್ರ ಏರಿಸುತ್ತಾನೆ. ನೀರಿನ ಯಂತ್ರ ನಿಮಿಷಗಳಲ್ಲಿ ಏರುತ್ತದೆ, ಕಲ್ಲಿದ್ದಲಿನ ಬಾಯ್ಲರ್‌ಗೆ ಆ ಚುರುಕು ಇಲ್ಲ. ಅಂದರೆ ಹಗಲಿನ ಬಿಸಿಲನ್ನು ನೀರಿನ ರೂಪದಲ್ಲಿ ಎತ್ತಿಟ್ಟ ಹಾಗಾಯಿತು. ಬೇರೆ ದೇಶಗಳು ಕೋಟಿಗಟ್ಟಲೆ ಸುರಿದು ಬ್ಯಾಟರಿ ಕೊಳ್ಳುತ್ತಿವೆ. ಜಾಂಬಿಯಾ ಮತ್ತು ಜಿಂಬಾಬ್ವೆಗೆ 1959ರಿಂದಲೇ ಕರಿಬಾ ಅನ್ನುವ ಬ್ಯಾಟರಿ ಒಂದು ಇದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಕೇಳಲು ಚೆನ್ನಾಗಿದೆ ಸರ್. ಎಷ್ಟು ನೀರು ಉಳಿಯುತ್ತೆ ಅಂತ ಅಂಕಿಯಲ್ಲಿ ಹೇಳಿ. ಸುಮ್ನೆ ‘ಉಳಿಯುತ್ತೆ’ ಅಂದರೆ ನಂಬಲ್ಲ.

ಉತ್ತರ: ಲಕೋಟೆ ಹಿಂದೆ ಬರೆಯುವಂಥ ಒರಟು ಲೆಕ್ಕ, ನೀವೇ ಮಾಡಿ ನೋಡಬಹುದು. ಕರಿಬಾದಲ್ಲಿ ನೀರು ಸುಮಾರು 90 ಮೀಟರ್ ಎತ್ತರದಿಂದ ಬೀಳುತ್ತದೆ. ಯಂತ್ರದ ನಷ್ಟ ಕಳೆದರೆ ಒಂದು ಯೂನಿಟ್ ಕರೆಂಟ್‌ಗೆ ಹತ್ತಿರ ಹತ್ತಿರ 4,500 ಲೀಟರ್ ನೀರು ಬೇಕು. ನೀವು ಒಂದು ಗಂಟೆ ಇಸ್ತ್ರಿಪೆಟ್ಟಿಗೆ ಉಜ್ಜಿದರೆ ಅಲ್ಲಿ ಒಂದು ಸಣ್ಣ ಟ್ಯಾಂಕರ್ ಖಾಲಿ!

2025ರ ಜೂನ್‌ನಲ್ಲಿ ಚಿಸಾಂಬಾದಲ್ಲಿ 100 ಮೆಗಾವ್ಯಾಟ್ ಸೋಲಾರ್ ಶುರುವಾಯಿತಲ್ಲ, ಅಂಥದ್ದು ರಾತ್ರಿ, ಮೋಡ ಎಲ್ಲ ಕಳೆದು ಐದನೇ ಒಂದು ಪಾಲು ದುಡಿದರೆ ವರ್ಷಕ್ಕೆ ಹದಿನೇಳೂವರೆ ಕೋಟಿ ಯೂನಿಟ್. ಉಳಿಯುವ ನೀರು ಸುಮಾರು 79 ಕೋಟಿ ಘನ ಮೀಟರ್. ದೊಡ್ಡದು ಅನ್ನಿಸುತ್ತದೆ ಅಲ್ವಾ? ಆದರೆ ಕರಿಬಾ ಐದು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿದೆ. ಅಷ್ಟಗಲಕ್ಕೆ ಹರವಿದರೆ ಎತ್ತರ 15 ಸೆಂಟಿಮೀಟರ್. ಒಂದು ಗೇಣೂ ಇಲ್ಲ.

ಅದಕ್ಕೇ ಒಂದು ಸ್ಥಾವರದ ರಿಬ್ಬನ್ ಕತ್ತರಿಸಿದ ಕೂಡಲೇ ಸಮಸ್ಯೆ ಮುಗಿಯಿತು ಅನ್ನುವವರನ್ನು ಕಂಡರೆ ನನಗೆ ನಗು. ಇಂಥವು ಹತ್ತು ಬಂದರೆ ಒಂದೂವರೆ ಮೀಟರ್ ಆಗುತ್ತದೆ. ಅಲ್ಲಿ ಕರೆಂಟ್ ತೆಗೆಯಲು ಸಿಗುವ ಮಟ್ಟವೇ ಸಮುದ್ರ ಮಟ್ಟದಿಂದ 475.5ರಿಂದ 488.5 ಮೀಟರ್, ಅಂದರೆ ಒಟ್ಟು 13 ಮೀಟರ್. ಅದರಲ್ಲಿ ವರ್ಷಕ್ಕೆ ಒಂದೂವರೆ ಮೀಟರ್ ಅಂದರೆ ಹುಡುಗಾಟವಲ್ಲ.

ಇನ್ನೊಂದು ಮಾತು. ಇದು ಮಳೆ ಚೆನ್ನಾದ ವರ್ಷವೇ ಮಾಡಬೇಕಾದ ಕೆಲಸ. ಕರಿಬಾ 2015-16ರಲ್ಲಿ, 2019ರಲ್ಲಿ, 2022ರ ಕೊನೆಯಲ್ಲಿ ಕೂಡ ತಳ ಕಂಡಿತ್ತು. ಪ್ರತಿ ಸಲವೂ ಬಾಯಾರಿದಾಗ ಬಾವಿ ತೋಡುವ ಗಡಿಬಿಡಿ, ಮಳೆ ಬಂದ ಮೇಲೆ ಮರೆವು. ಕೆರೆ ಬತ್ತಿದ ಮೇಲೆ ಹಾಕಿದ ಸೋಲಾರ್ ಹಗಲು ದೀಪ ಉರಿಸೀತು. ಸಂಜೆಗೆ ಎತ್ತಿಡಲು ನೀರೇ ಇರುವುದಿಲ್ಲ. ನೀರು ಜಿಂಬಾಬ್ವೆ ಜೊತೆ ಹಂಚಿಕೊಂಡದ್ದು, ಪಾಲು ಗೊತ್ತುಮಾಡುವುದು ಜಾಂಬೆಜಿ ನದಿ ಪ್ರಾಧಿಕಾರ. ಹಾಗಾಗಿ ಜಾಂಬಿಯಾ ಉಳಿಸಿದ್ದು ಜಾಂಬಿಯಾದ ಲೆಕ್ಕಕ್ಕೇ ಜಮೆಯಾಗುವ ಹಾಗೆ ಒಪ್ಪಂದವೂ ಗಟ್ಟಿ ಇರಬೇಕು.

ಪ್ರಶ್ನೆ: ಮತ್ತೆ ಇಷ್ಟು ವರ್ಷ ಯಾಕೆ ಜಾಸ್ತಿ ಹಾಕಲಿಲ್ಲ ಸರ್? ಬಿಸಿಲಿಗೆ ಇಲ್ಲಿ ಬರ ಇಲ್ಲವಲ್ಲ.

ಉತ್ತರ: ದುಡ್ಡು, ಮತ್ತೆ ದುಡ್ಡು ಯಾವ ನೋಟಿನಲ್ಲಿ ಅನ್ನೋದು. 2019ರಲ್ಲಿ ಲುಸಾಕಾ ದಕ್ಷಿಣದ ಕೈಗಾರಿಕಾ ವಲಯದಲ್ಲಿ ಬಾಂಗ್ವೆಉಲು, ನ್ಗೊನ್ಯೆ ಅಂತ ಎರಡು ಸೋಲಾರ್ ಸ್ಥಾವರ ಬಂದವು. ಬಾಂಗ್ವೆಉಲು ಹರಾಜಿನಲ್ಲಿ ಯೂನಿಟ್‌ಗೆ 6.02 ಅಮೆರಿಕನ್ ಸೆಂಟ್ ದರ ನಿಂತಿತು. ಆಗಿನ ಆಫ್ರಿಕಾಕ್ಕೆ ಅದು ಬಹಳ ಅಗ್ಗ. ಆದರೆ ಕೊಡಬೇಕಾದ್ದು ಡಾಲರ್ ಲೆಕ್ಕದಲ್ಲಿ, ಜನರಿಂದ ಬಿಲ್ ವಸೂಲಾಗುವುದು ಇಲ್ಲಿನ ನೋಟು ಕ್ವಾಚಾದಲ್ಲಿ. ಕ್ವಾಚಾ ಕುಸಿದರೆ ಅಗ್ಗದ ಕರೆಂಟೂ ತುಟ್ಟಿ. ಜೊತೆಗೆ 2020ರಲ್ಲಿ ದೇಶವೇ ವಿದೇಶಿ ಸಾಲದ ಕಂತು ತಪ್ಪಿಸಿತು. ಆಮೇಲೆ ಹೊಸ ಸಾಲ ಯಾರು ಕೊಡುತ್ತಾರೆ?

ಇನ್ನು ಕರೆಂಟಿನ ಹತ್ತಿರ ಹತ್ತಿರ ಅರ್ಧ ತಾಮ್ರದ ಗಣಿಗಳಿಗೇ ಹೋಗುತ್ತದೆ. ತಾಮ್ರ ಕರಗಿಸುವ ಕುಲುಮೆ ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚುವಂಥದ್ದಲ್ಲ. ಹಾಗಾಗಿ ಮಾಂಬಾದ 300 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ, ನೆರೆ ದೇಶಗಳಿಂದ ಕೊಳ್ಳುವ ಕರೆಂಟ್ ಎರಡೂ ಇನ್ನೂ ಬೇಕು. ಬರೀ ಸೋಲಾರ್ ಸಾಕು ಅಂತ ನಾನು ಹೇಳುವುದಿಲ್ಲ.

ಪ್ರಶ್ನೆ (ಲುಸಾಕಾದ ಇನ್ನೊಬ್ಬರು): ಸರ್, ನನ್ನದು ಚಿಕ್ಕ ಸಂಕಟ. ಛಾವಣಿ ಮೇಲೆ ಎಂಟು ಪ್ಯಾನೆಲ್ ಹಾಕಿಸಿದೆ. ಲೋಡ್ ಶೆಡ್ಡಿಂಗ್ ಆದ ಕೂಡಲೇ ಸುಡು ಬಿಸಿಲಲ್ಲೂ ಅದು ಬಂದ್. ಮನೆಯವರು ಮತ್ತೆ ಇದ್ದಿಲು ತಂದು ಎಂಬೌಲಾ ಒಲೆಯಲ್ಲಿ ಎನ್ಶಿಮಾ ಮುದ್ದೆ ತಿರುವುತ್ತಿದ್ದಾರೆ. ಮೋಸ ಹೋದೆನಾ?

ಉತ್ತರ: ಪ್ಯಾನೆಲ್ ಕೆಟ್ಟಿಲ್ಲ. ಇನ್ವರ್ಟರ್ ಮೇಲೆ ‘ಗ್ರಿಡ್ ಟೈ’ ಅಂತ ಬರೆದಿದೆಯಾ ನೋಡಿ. ಆ ಬಗೆಯದು ಲೈನಿನಲ್ಲಿ ಕರೆಂಟ್ ಇಲ್ಲದಿದ್ದರೆ ತಾನೂ ನಿಲ್ಲಲೇಬೇಕು. ಇಲ್ಲವಾದರೆ ಕಂಬ ಹತ್ತಿದ ಲೈನ್‌ಮ್ಯಾನ್ ಲೈನ್ ಸತ್ತಿದೆ ಅಂತ ಕೈ ಇಟ್ಟಾಗ ನಿಮ್ಮ ಮನೆಯ ಕರೆಂಟ್ ಅವನಿಗೆ ಹೊಡೆಯುತ್ತದೆ. ಹಾಕಿದವರು ಇದನ್ನು ಮೊದಲೇ ಹೇಳಬೇಕಿತ್ತು.

ನಿಮಗೆ ಬೇಕಾದ್ದು ಹೈಬ್ರಿಡ್ ಇನ್ವರ್ಟರ್, ಅಂದರೆ ಲೈನ್ ಹೋದಾಗ ಮನೆಯನ್ನು ಲೈನಿನಿಂದ ಬೇರ್ಪಡಿಸಿ ತಾನೇ ನಡೆಸುವಂಥದ್ದು, ಜೊತೆಗೆ ಲಿಥಿಯಂ ಬ್ಯಾಟರಿ. ಬ್ಯಾಟರಿಯನ್ನು ದೀಪ, ಫ್ಯಾನ್, ಫ್ರಿಜ್, ವೈಫೈಗೆ ಇಟ್ಟುಕೊಳ್ಳಿ. ಎರಡು ಕಿಲೋವ್ಯಾಟ್ ಕಾಯಿಲ್ ಒಲೆಯನ್ನು ಸಂಜೆ ಬ್ಯಾಟರಿ ಮೇಲೆ ಹಚ್ಚಿದರೆ ಒಂದೆರಡು ಗಂಟೆಗೇ ಖಾಲಿ. ಮುದ್ದೆಯನ್ನು ಬಿಸಿಲಿರುವಾಗಲೇ ತಿರುವಿ ಮುಗಿಸಲು ಮನೆಯಲ್ಲಿ ಒಪ್ಪಿಸಿ, ಅದು ನನ್ನ ಕೈಲಾಗುವ ಕೆಲಸವಲ್ಲ.

ಪ್ರಶ್ನೆ: ನೋಡಿದೆ ಸರ್, ‘ಗ್ರಿಡ್ ಟೈ’ ಅಂತಲೇ ಇದೆ. ಬದಲಾಯಿಸುವಾಗ ಮತ್ತೆ ಟೋಪಿ ಬೀಳದ ಹಾಗೆ ಏನು ಮಾಡಲಿ?

ಉತ್ತರ: ದುಡ್ಡು ಕೊಡುವ ಮೊದಲು ಇನ್ವರ್ಟರ್ ಹಾಕಿದವನ ಎದುರಲ್ಲೇ ಮೇನ್ ಸ್ವಿಚ್ ಆಫ್ ಮಾಡಿ. ಫ್ರಿಜ್ ಸದ್ದು ನಿಲ್ಲದಿದ್ದರೆ ಕೊಡಿ.