ಬ್ರಾಂಕಿಯೆಕ್ಟೇಸಿಸ್: ಅಮ್ಮನ ಕಫಕ್ಕೆ ಮನೆಯಲ್ಲಿ ಏನು ಮಾಡ್ತೀರಿ?

ಅಮ್ಮನಿಗೆ 58. ಇಪ್ಪತ್ತು ವರ್ಷದ ಹಿಂದೆ ಟಿಬಿ ಬಂದು ವಾಸಿಯಾಗಿತ್ತು. ಈಗ ದಿನಾ ಬೆಳಿಗ್ಗೆ ಅರ್ಧ ಲೋಟ ಹಳದಿ ಕಫ. ಸಿ.ಟಿ.ಯಲ್ಲಿ ಎಡ ಶ್ವಾಸಕೋಶದ ಕೆಳಗೆ ಬ್ರಾಂಕಿಯೆಕ್ಟೇಸಿಸ್, ಅಂದರೆ ಶ್ವಾಸನಾಳ ಹಿಗ್ಗಿ ಹಾಗೇ ಉಳಿದಿದೆ ಅಂತ ಬಂದಿದೆ. ಪೂರ್ತಿ ವಾಸಿಯಾಗಲ್ಲ ಅಂದರು. ಸದ್ಯಕ್ಕೆ ಕೆಮ್ಮು ನಿಲ್ಲೋ ಸಿರಪ್ ಕೊಡ್ತಿದ್ದೇನೆ. ಅನುಭವ ಇದ್ದವರು ಹೇಳಿ.

— ಆ ಸಿರಪ್ ಬೇಕಾ ಅಂತ ಮೊದಲು ಡಾಕ್ಟರನ್ನು ಕೇಳಿ. ಈ ಕಾಯಿಲೆಯಲ್ಲಿ ಕೆಮ್ಮು ಅಡಗಿಸಬಾರದು. ನನಗೆ ಹನ್ನೊಂದು ವರ್ಷದಿಂದ ಇದೆ, ಬಲಗಡೆ ಕೆಳಗೆ. ಹಿಗ್ಗಿದ ನಾಳದಲ್ಲಿ ಕಫ ನಿಂತರೆ ಸೋಂಕು, ಸೋಂಕಾದರೆ ನಾಳ ಇನ್ನಷ್ಟು ಹಾಳು, ಆಗ ಕಫ ಇನ್ನೂ ಜಾಸ್ತಿ. ಹಾಗಾಗಿ ದಿನಾ ಹೊರಗೆ ತೆಗೆಯೋದೇ ಔಷಧಿ. ತಿಂಡಿಗೆ ಮುಂಚೆ ಶ್ವಾಸನಾಳ ಸಡಿಲಿಸೋ ಸಾಲ್ಬುಟಮಾಲ್ ಇನ್ಹೇಲರ್ ಎಳೆದು, ಹತ್ತು ನಿಮಿಷ ಬಿಟ್ಟು 3% ಉಪ್ಪುನೀರಿನ ನೆಬ್ಯುಲೈಸರ್ ಹಾಕ್ಕೋತೀನಿ. ಕೆಲವರಿಗೆ ಇದರಿಂದ ಎದೆ ಬಿಗಿಯುತ್ತೆ, ಅದಕ್ಕೇ ಮೊದಲ ಸಲ ಆಸ್ಪತ್ರೆಯಲ್ಲೇ ಕೊಟ್ಟು ನೋಡಿದರು. ಆಮೇಲೆ ಎಡಮಗ್ಗುಲಿಗೆ ಮಲಗಿ ನಿಧಾನ ದೀರ್ಘ ಉಸಿರು, ನಡುವೆ ಕನ್ನಡಿಗೆ ಹಬೆ ಊದಿದ ಹಾಗೆ ಬಾಯಿ ತೆರೆದು ‘ಹಾ’. ಗಂಟಲು ಹರಿಯೋ ಹಾಗೆ ಕೆಮ್ಮೋದೇ ಬೇಡ. ಇಪ್ಪತ್ತು ನಿಮಿಷ ಸಾಕು. ಫಿಸಿಯೋಥೆರಪಿಸ್ಟ್ ಹತ್ತಿರ ಕೂತೇ ಕಲಿಯಿರಿ, ವಿಡಿಯೋ ನೋಡಿ ನನಗೆ ಬರಲಿಲ್ಲ. ಮದುವೆ ಮನೆಯಲ್ಲಿ ಎರಡು ದಿನ ಬಿಟ್ಟಿದ್ದಕ್ಕೆ ವಾರ ಮಲಗಿದ್ದೆ.

— ನಮ್ಮ ಯಜಮಾನರಿಗೂ ಹಳೇ ಟಿಬಿಯಿಂದಲೇ ಬಂದಿದ್ದು. ಎಕ್ಸ್‌ರೇಯಲ್ಲಿ ಹಳೇ ಕಲೆ ನೋಡಿ, ಕಫ ಪರೀಕ್ಷೆ ಮಾಡದೆ ಒಂದು ಕಡೆ ಮತ್ತೆ ಟಿಬಿ ಮಾತ್ರೆ ಶುರು ಮಾಡಿಸಿದರು. ಆ ತಿಂಗಳುಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಕಫದ ಬಣ್ಣ ಬದಲಾದರೆ ಆಂಟಿಬಯೋಟಿಕ್ ನುಂಗುವ ಮೊದಲೇ ಕಫವನ್ನು ಕಲ್ಚರಿಗೆ (ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡೋ ಪರೀಕ್ಷೆ) ಕೊಡಿ. ಇವರದ್ದರಲ್ಲಿ ಸ್ಯೂಡೋಮೋನಾಸ್ ಅನ್ನೋ ಬ್ಯಾಕ್ಟೀರಿಯಾ ಇತ್ತು. ಮೆಡಿಕಲ್ ಶಾಪಿನಲ್ಲಿ ಕೇಳಿ ತರೋ ಸಾಮಾನ್ಯ ಆಂಟಿಬಯೋಟಿಕ್ ಮಾತ್ರೆ ಹೆಚ್ಚಿನವು ಅದಕ್ಕೆ ನಾಟಲ್ಲ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸ್ತೀವಿ, ನ್ಯುಮೋನಿಯಾ ತಡೆಯೋಕೆ ನ್ಯುಮೋಕಾಕಲ್ ಲಸಿಕೆಯೂ ಆಗಿದೆ.

— ರಕ್ತದ ವಿಷಯ ಯಾರೂ ಹೇಳಲಿಲ್ಲ. ಕಫದಲ್ಲಿ ಕೆಂಪು ಎಳೆ ಕಂಡರೆ ಅವತ್ತೇ ಡಾಕ್ಟರಿಗೆ ತಿಳಿಸಿ. ಬಾಯಿತುಂಬ ಬಂದರೆ ವ್ಯಾಯಾಮ, ನೆಬ್ಯುಲೈಸರ್ ಎಲ್ಲ ಬಿಟ್ಟು ನೇರ ತುರ್ತು ಚಿಕಿತ್ಸೆಗೆ. ನನ್ನ ತಂಗಿಗೆ ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಸೋರುತ್ತಿದ್ದ ನಾಳ ಮುಚ್ಚಿದರು. ಎದೆ ಕೊಯ್ಯಬೇಕಾಗಲಿಲ್ಲ.

— ಎಲ್ಲರಿಗೂ ಕೈಮುಗಿದೆ. ಎಡಮಗ್ಗುಲಿಗೆ ಅಂದಿರಲ್ಲ, ಅಮ್ಮನದ್ದು ಎಡಗಡೆಯೇ ಇರೋದು?

— ಹಾಗಾದರೆ ಅಮ್ಮ ಬಲಮಗ್ಗುಲಿಗೆ ಮಲಗಬೇಕು. ಕಫ ಇರೋ ಕಡೆ ಮೇಲೆ ಬರಬೇಕು.